ಅಲ್ಲಾಡಿಸಬೇಡಿ

ಚಳಿ ಹಿಂದೆಗೆಯುವ ಕಾಲ. ಗುರುವಾರ ಬೆಳಿಗ್ಗೆ, ಹತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮೈಯೊಳಗಿನ ಚಿತ್ರ ತೆಗೆಯುವ ಕೋಣೆಯ ಹೊರಗೆ, ಗೋಡೆಗೆ ಬಿಗಿದ ಕಬ್ಬಿಣದ ಕುರ್ಚಿಯಲ್ಲಿ ಅವಳು ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಕೂತಿದ್ದಳು. ಮುಚ್ಚಿಕೊಳ್ಳುವುದು ಇವತ್ತಿನದಲ್ಲ, ಹುಡುಗಿಯಾಗಿದ್ದಾಗಿನಿಂದ ಬಂದ ಅಭ್ಯಾಸ. ಎಡಗೈಯ ಬೆನ್ನಿನ ಮೇಲೆ, ತೋರುಬೆರಳಿನ ಗೆಣ್ಣಿನ ಹಿಂದಿನಿಂದ ಮಣಿಕಟ್ಟಿನ ಕಡೆಗೆ, ಚರ್ಮದ ಕೆಳಗೆ ಯಾರೋ ಒಂದು ಉದ್ದನೆಯ ಬಾದಾಮಿಯನ್ನು ಇಟ್ಟು ಮರೆತ ಹಾಗೆ ಒಂದು ಉಬ್ಬು. ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಜೊತೆಯ ಹೆಂಗಸರು ಎದುರಿಗೆ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಗಂಟಕ್ಕ. ಅದು ಅವಳಿಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಅರವತ್ತಮೂರು ವರ್ಷದವಳು ಇಷ್ಟಕ್ಕೆಲ್ಲ ಮುಖ ಊದಿಸಿಕೊಳ್ಳುವುದಿಲ್ಲವೆಂದು ಎರಡೂ ಕಡೆಯವರು ಬಾಯಿಬಿಡದೆ ಒಪ್ಪಿಕೊಂಡಂತಿತ್ತು. ನಾಳೆ, ಶುಕ್ರವಾರ, ಅದನ್ನು ಕೊಯ್ದು ತೆಗೆಯುತ್ತಾರೆ. ತೆಗೆದ ಮೇಲೆ ಏನನ್ನು ಮುಚ್ಚಿಕೊಳ್ಳಲಿ ಎಂದು ಯೋಚಿಸಿ ಅವಳಿಗೆ ನಗು ಬಂತು. ಪಕ್ಕದಲ್ಲಿದ್ದ ಮಗಳು, ಏನಮ್ಮಾ ಎಂದಳು. ಏನಿಲ್ಲ ಎಂದಳು.

ಮೂರು ತಿಂಗಳಿಂದ ಅದು ನೋಯತೊಡಗಿತ್ತು. ಮೊದಲು ಸಂಜೆ ಮಾತ್ರ, ಆಮೇಲೆ ಹೊಲಿಗೆಗೆ ಕೂತ ಅರ್ಧ ಗಂಟೆಗೇ. ಹೊಲಿಯುವುದೆಂದರೆ, ಮಡಿಸಿದ ಹಾಳೆಗಳ ಒಂದೊಂದು ಫಾರಮನ್ನೂ ಹಗ್ಗ ಬಿಗಿದ ಚೌಕಟ್ಟಿನ ಮೇಲಿಟ್ಟು, ಎಡಗೈಯ ಉಳಿದ ಬೆರಳುಗಳಿಂದ ಕಟ್ಟನ್ನು ಅದುಮಿ ಹಿಡಿದು, ತೋರುಬೆರಳನ್ನು ಮಾತ್ರ ಎತ್ತಿ ಫಾರಮಿನ ಸರಿಮಧ್ಯವನ್ನು ತೆರೆಯಬೇಕು. ಸೂಜಿ ಹೋಗುವುದು ಆ ಮಧ್ಯದಲ್ಲಿ. ಒಂದು ಹಾಳೆ ಆಚೀಚೆಯಾದರೂ ಪುಸ್ತಕ ಒಂದು ವರ್ಷ ಬಾಳುವುದಿಲ್ಲ. ದಿನಕ್ಕೆ ಎರಡು ಸಾವಿರ ಸಲ ಆ ಬೆರಳು ಒಂಟಿಯಾಗಿ ಏಳಬೇಕು. ನೋವೆಂದು ಅವಳು ಎರಡು ಸಲ ಕೈ ಕೊಡವಿದ್ದನ್ನು ಮೇಸ್ತ್ರಿ ನೋಡಿದ. ಮಾರನೆಯ ದಿನ ಅವಳ ಚೌಕಟ್ಟಿನ ಮುಂದೆ, ಕೆಲಸಕ್ಕೆ ಸೇರಿ ಆರು ತಿಂಗಳೂ ಆಗದವಳು ಕೂತಿದ್ದಳು. ದೊಡ್ಡಕ್ಕನಿಗೆ ಅಂಟಿನ ಪಾತ್ರೆ. ಆ ಗಂಟನ್ನು ತೆಗೆಸಿಕೊಂಡು ಬಾ, ಚೌಕಟ್ಟು ಎಲ್ಲಿ ಓಡಿಹೋಗುತ್ತದೆ ಎಂದು ಮೇಸ್ತ್ರಿ ಒಳ್ಳೆಯ ಮಾತಿನಲ್ಲೇ ಹೇಳಿದ್ದ. ನಲವತ್ತೈದು ವರ್ಷ ಹೊಲಿದವಳು ಬ್ರಶ್ ಹಿಡಿದು ರಟ್ಟಿಗೆ ಅಂಟು ಬಳಿಯುತ್ತ ನಿಂತಳು. ಒಳ್ಳೆಯ ಮಾತಿನಲ್ಲಿ ಹೇಳಿದ್ದಕ್ಕೆ ಜಗಳವಾಡುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಹೋದ ತಿಂಗಳು ಇದೇ ಕೋಣೆಯಲ್ಲಿ ಒಮ್ಮೆ ಚಿತ್ರ ತೆಗೆದಿದ್ದರು. ತೆಗೆದವನು ಅವಳ ಕೈಯನ್ನು ಮೇಜಿನ ಮೇಲೆ ಮಗುಚಿ ಹಾಕಿ, ತಣ್ಣನೆಯ ಲೋಳೆ ಸುರಿದು, ಇಸ್ತ್ರಿಪೆಟ್ಟಿಗೆಯ ಮರಿಯಂಥದನ್ನು ಅದರ ಮೇಲೆ ಆಡಿಸುತ್ತ, ಅಲ್ಲಾಡಿಸಬೇಡಿ ಎಂದಿದ್ದ. ಅವಳು ಅಲ್ಲಾಡಿಸಿರಲಿಲ್ಲ. ಆದರೂ ಮೂರು ಸಲ ಹೇಳಿದ. ಉಸಿರಾಡಬಹುದೇ ಎಂದು ಕೇಳೋಣವೆನಿಸಿ ಸುಮ್ಮನಾಗಿದ್ದಳು. ವರದಿಯಲ್ಲಿ ನೀರುಗಂಟು ಎಂದು ಬರೆದುಬಂತು. ಕೊಯ್ಯುವ ಡಾಕ್ಟರು ಅದರ ನೀರು ತೆಗೆಯಲು ಸೂಜಿ ಚುಚ್ಚಿದರೆ ನೀರು ಬರಲಿಲ್ಲ, ಒಂದು ಹನಿ ರಕ್ತ ಬಂತು. ಸೂಜಿಯನ್ನು ಒಳಗೇ ತಿರುಗಿಸಿ ಇನ್ನೊಂದು ಕಡೆ ಹುಡುಕಿದರು. ಅವಳು ಹಲ್ಲುಕಚ್ಚಿ ಗೋಡೆಯ ಗಡಿಯಾರ ನೋಡಿದಳು. ಅವರು ಅವಳ ಮುಖ ನೋಡದೆ ನರ್ಸಿಗೆ, ಗಟ್ಟಿಯಾಗಿದೆ, ಕೊಯ್ಯೋ ಹಿಂದಿನ ದಿನ ಇನ್ನೊಂದು ಚಿತ್ರ ಆಗಲಿ ಎಂದರು. ಕೈ ಇರುವುದು ತನ್ನ ತೋಳಿನ ತುದಿಯಲ್ಲಿ, ಮಾತು ಹೋಗುವುದು ನರ್ಸಿನ ಕಡೆಗೆ. ಬಸ್ಸಿನಲ್ಲಿ ಕೂತವರ ತಲೆಯ ಮೇಲೆ ಇನ್ಯಾರೋ ಚಿಲ್ಲರೆ ದಾಟಿಸಿದ ಹಾಗೆ.

ನೀರುಗಂಟು ಎಂಬ ಮಾತನ್ನು ಅವಳು ಮೊದಲು ಕೇಳಿದ್ದು ಒಂಬತ್ತನೆಯ ವಯಸ್ಸಿನಲ್ಲಿ, ಅಮ್ಮನ ಕೈಯ ಬಗ್ಗೆ. ಅಮ್ಮನಿಗೂ ಇತ್ತು, ಅದೇ ಎಡಗೈ, ಅದೇ ಜಾಗ. ಅಮ್ಮನೂ ಅದೇ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು, ಆಗ ಅದರ ಯಜಮಾನ ಈಗಿನವನ ತಂದೆ. ಔಷಧಿ ಅಂಗಡಿಯ ಕಂಪೌಂಡರ್ ಮನೆಗೆ ಬಂದು ಕೈ ಅದುಮಿ ನೋಡಿ, ಇದಕ್ಕೆಲ್ಲ ಔಷಧಿ ಯಾಕೆ, ಭಾರದ ಪುಸ್ತಕದಿಂದ ಒಂದು ಏಟು ಕೊಟ್ಟರೆ ಒಡೆದು ಹೋಗುತ್ತದೆ ಎಂದ. ಎಲ್ಲಕ್ಕಿಂತ ಭಾರದ ಪುಸ್ತಕ ಯಾವುದಿದೆ ನೋಡಮ್ಮಾ ಎಂದು ಅವಳಿಗೆ ಹೇಳಿದ. ಆ ಜಂಬ ಅವಳಿಗೆ ಇವತ್ತಿಗೂ ನೆನಪಿದೆ, ದೊಡ್ಡವರ ಕೆಲಸಕ್ಕೆ ತನ್ನನ್ನು ಕೇಳಿದ ಜಂಬ. ಓಡಿಹೋಗಿ ಒಳಗಿನ ಕಪಾಟಿನಿಂದ, ಅಮ್ಮನೇ ಹೊಲಿದು ಮೂಲೆ ಮುರಿದಿದೆಯೆಂದು ಯಜಮಾನ ಬಿಟ್ಟುಕೊಟ್ಟಿದ್ದ ಒಂದು ದಪ್ಪ ರಿಜಿಸ್ಟರನ್ನು ಎದೆಗವಚಿಕೊಂಡು ತಂದಳು. ಎರಡು ಏಟು. ಅಮ್ಮ ಕೂಗಲಿಲ್ಲ. ಕೈ ಮೂರು ದಿನ ನೀಲಿಯಾಗಿತ್ತು, ಉಬ್ಬು ಇದ್ದಲ್ಲೇ ಇತ್ತು. ಪುಸ್ತಕಕ್ಕೂ ಏನೂ ಆಗಲಿಲ್ಲ, ಒಂದು ಹೊಲಿಗೆಯೂ ಸಡಿಲಾಗಲಿಲ್ಲ. ಆಮೇಲೆ ಇನ್ನೆಲ್ಲೋ ಕರೆದುಕೊಂಡು ಹೋಗಿ ಕೊಯ್ಸಿದರು. ಚರ್ಮದ ಮೇಲೆ ಏಣಿಯಂಥ ಗುರುತು ಉಳಿಯಿತು. ಚೆನ್ನಾಗಿ ಕೊಯ್ದಿದ್ದಾರೆ, ಚಪ್ಪಟೆಯಾಗಿದೆ ಎಂದು ಕೇರಿಯವರೆಲ್ಲ ಹಿಡಿದು ನೋಡಿದರು.

ಹೆಸರನ್ನಲ್ಲ, ನಂಬರನ್ನು ಕೂಗಿದರು. ಒಳಗೆ ಈ ಸಲ ಒಬ್ಬಳು ಡಾಕ್ಟರ್ ಇದ್ದಳು, ಮಗಳಿಗಿಂತ ಚಿಕ್ಕವಳು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ತಲೆ ಮೇಲಿದೆ ಎಂದು ಇವಳು ಹೇಳಿದಾಗ, ಥ್ಯಾಂಕ್ಸ್ ಅಜ್ಜಿ ಎಂದು ನಕ್ಕಳು. ನಕ್ಕಿದ್ದು ಹಿತವಾಯಿತು. ಆದರೆ ಕೈ ಮಗುಚಿ ಹಾಕಿ ಲೋಳೆ ಸುರಿದೊಡನೆ ಅವಳೂ ಅದನ್ನೇ ಹೇಳಿದಳು, ಅಲ್ಲಾಡಿಸಬೇಡಿ. ಇವಳು ಕೈಯನ್ನು ಕಲ್ಲು ಮಾಡಿಕೊಂಡಳು. ಪರದೆಯ ಮೇಲೆ ಬೂದಿಬಣ್ಣದ ಏನೋ ಹರಿಯುತ್ತಿತ್ತು. ಡಾಕ್ಟರ್ ಒಂದು ಕೈಯಲ್ಲಿ ಆ ಪುಟ್ಟ ಇಸ್ತ್ರಿಪೆಟ್ಟಿಗೆಯನ್ನು ಉಬ್ಬಿನ ಮೇಲೆ ಹಾಗೇ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಏನೋ ಟೈಪು ಮಾಡತೊಡಗಿದಳು. ಮುಗಿಯಿತೆಂದುಕೊಂಡು ಇವಳು ಕೈ ಸಡಿಲ ಬಿಟ್ಟಳು. ಕೈಯ ಕೆಳಗೆ ಒರೆಸುವ ಕಾಗದಗಳ ಮಡಿಕೆಯೊಂದಿತ್ತು, ಯಾರೋ ಅವಸರದಲ್ಲಿ ಮಡಿಸಿ ಅಂಚು ಕೂಡಿಸದೆ ಬಿಟ್ಟದ್ದು. ನಲವತ್ತೈದು ವರ್ಷದ ಕೈ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಉಳಿದ ಬೆರಳು ಮಡಿಕೆಯನ್ನು ಅದುಮಿದವು, ತೋರುಬೆರಳು ತಾನಾಗಿ ಎದ್ದು ಸರಿಮಧ್ಯವನ್ನು ಹುಡುಕಿತು.

ಟೈಪಿನ ಸದ್ದು ನಿಂತಿತು. “ಈಗ ಏನು ಮಾಡಿದ್ರಿ?” ಎಂದಳು ಡಾಕ್ಟರ್.

ಏನಿಲ್ಲ, ತಪ್ಪಾಯಿತು, ಅಲ್ಲಾಡಿಸುವುದಿಲ್ಲ ಎಂದಳು ಇವಳು.

“ಅಯ್ಯೋ ಅಲ್ಲಾಡಿಸಿ ಅಜ್ಜಿ. ಅದನ್ನೇ ಇನ್ನೊಂದು ಸಲ ಮಾಡಿ.”

ಇವಳು ಬೆರಳೆತ್ತಿದಳು. ಡಾಕ್ಟರ್ ಪರದೆಯನ್ನು ಇವಳ ಕಡೆಗೆ ತಿರುಗಿಸಿದಳು. ಪುಸ್ತಕದ ಅಂಚು ಕತ್ತರಿಸಿದ ಮೇಲೆ ಬದಿಯಿಂದ ನೋಡಿದರೆ ಹಾಳೆಗಳ ಗೆರೆ ಕಾಣುತ್ತದಲ್ಲ, ಹಾಗೆ ಸಣ್ಣ ಬಿಳಿ ಗೆರೆಗಳು ಒಟ್ಟೊಟ್ಟಿಗೆ ಇದ್ದವು. ಬೆರಳೆತ್ತಿದರೆ ಆ ಗೆರೆಗಳೆಲ್ಲ ಗಿಡ್ಡವಾಗಿ ದಪ್ಪವಾಗುತ್ತಿದ್ದವು, ಇಳಿಸಿದರೆ ಉದ್ದವಾಗಿ ಮಲಗುತ್ತಿದ್ದವು. ಎತ್ತು, ಇಳಿಸು. ತನ್ನ ಕೈಯೊಳಗೆ ಯಾರೋ ಇಷ್ಟು ವರ್ಷ ಕೂತು ಕೆಲಸ ಮಾಡುತ್ತಿದ್ದುದನ್ನು ಬಾಗಿಲ ಸಂದಿಯಿಂದ ನೋಡಿದಂತಾಯಿತು. ಗಂಟಲ್ಲ ಅಜ್ಜಿ, ಇದು ಸ್ನಾಯು, ಎಲ್ಲರಿಗೂ ಇರುವುದಿಲ್ಲ, ನೂರರಲ್ಲಿ ಇಬ್ಬರಿಗೋ ಮೂವರಿಗೋ ಎಂದು ಡಾಕ್ಟರ್ ಹೇಳಿದಳು. ಅವಳ ಮುಖ ಕಳೆದುಹೋದದ್ದು ಸಿಕ್ಕವರ ಮುಖದಂತಿತ್ತು. ಆಮೇಲೆ ಮುಂಗೈಯ ಉದ್ದಕ್ಕೂ ಲೋಳೆ ಹಚ್ಚಿ ಮೊಣಕೈವರೆಗೆ ಹುಡುಕಿದಳು, ಬೆರಳೆತ್ತಿಸಿದಳು, ಮತ್ತೆ ಹುಡುಕಿದಳು. ಕೊನೆಗೆ ಹೇಳಿದಳು. ಉಳಿದವರಿಗೆ ತೋರುಬೆರಳೊಂದನ್ನೇ ಎತ್ತುವ ಸ್ನಾಯು ಮುಂಗೈಯಿಂದ ಇಳಿದು ಬರುತ್ತದೆ, ನಿಮಗೆ ಅದಿಲ್ಲ. ಅದರ ಕೆಲಸವನ್ನು ಈ ಚಿಕ್ಕದು ಮಾಡುತ್ತಿದೆ. ದುಡಿದು ದುಡಿದು ಊದಿಕೊಂಡಿದೆ, ಅದಕ್ಕೇ ನೋವು, ಪಟ್ಟಿ ಕಟ್ಟಿ ಕೆಲವು ವಾರ ಬಿಡುವು ಕೊಟ್ಟರೆ ಇಳಿಯಬೇಕು.

“ನಾಳೆ ಇದನ್ನ ಕೊಯ್ತಾರಂತಲ್ಲ. ಕೊಯ್ದ್ರೆ ಏನಾಗುತ್ತೆ?” ಎಂದಳು ಇವಳು.

“ಎಲ್ಲಾ ಬೆರಳೂ ಒಟ್ಟಿಗೆ ಏಳುತ್ವೆ. ಇದೊಂದೇ ಏಳಲ್ಲ.”

ಎಲ್ಲಾ ಒಟ್ಟಿಗೆ ಏಳುತ್ವೆ ಯಜಮಾನ್ರೇ, ಇದೊಂದೇ ಏಳಲ್ಲ. ಐವತ್ತನಾಲ್ಕು ವರ್ಷದ ಹಿಂದೆ ಕಾರ್ಖಾನೆಯ ನಡುವೆ ನಿಂತು ಅಮ್ಮ ಹೇಳಿದ್ದು ಇದನ್ನೇ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಕೊಯ್ಸಿಕೊಂಡು ಕೆಲಸಕ್ಕೆ ಮರಳಿದ ಅಮ್ಮನ ಹೊಲಿಗೆ ತಪ್ಪತೊಡಗಿತ್ತು. ಮಧ್ಯ ತೆರೆಯಲು ಬೆರಳು ಏಳದೆ, ಎಲ್ಲ ಬೆರಳನ್ನೂ ಎತ್ತಿದರೆ ಕಟ್ಟು ಜಾರಿ, ಫಾರಮುಗಳು ಹರಿದವು. ಹೊಲಿಗೆ ಬೇಡ, ಹಾಳೆ ಮಡಿಸುವುದಕ್ಕೆ ಹಾಕಿ ಎಂದು ಅಮ್ಮ ಕೇಳಿದಳು. ಯಜಮಾನ ಎಲ್ಲರೆದುರು ಕೈ ತೋರಿಸು ಎಂದ. ಅಮ್ಮ ತೋರಿಸಿದಳು, ಐದೂ ಬೆರಳು ಹೂವಿನಂತೆ ಬಿಚ್ಚಿಕೊಂಡವು. ಮುಚ್ಚು ಎಂದ, ಮುಚ್ಚಿದಳು. ಐದು ಬೆರಳೂ ಒಂದೇ ಸಮ ಇರೋದಿಲ್ಲ ಅಂತಾರೆ, ನಿನ್ನವು ಒಂದೇ ಸಮ ಏಳ್ತಿವೆಯಲ್ಲೇ ಎಂದ. ಹೆಂಗಸರು ನಕ್ಕರು. ಅಮ್ಮ ಆ ಮಾತು ಹೇಳಿದಳು, ಇದೊಂದೇ ಏಳಲ್ಲ. ಯಾರಿಗೂ ಅರ್ಥವಾಗಲಿಲ್ಲ. ಆಗ ಯಜಮಾನ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಇವಳನ್ನು ಕರೆದು, ಮನೇಲಿ ಅಮ್ಮ ಕೆಲಸ ಮಾಡ್ತಾಳೇನೇ ಎಂದು ಕೇಳಿದ. ಇವಳಿಗೆ ಒಂಬತ್ತು. ಅಮ್ಮನ ಕೈ ಸರಿಯಾಗಿದೆಯೆಂದು ತೋರಿಸಿಕೊಟ್ಟರೆ ಅಮ್ಮನ ಕೆಲಸ ಉಳಿಯುತ್ತದೆ ಎಂದು ಇವಳ ತಲೆಗೆ ಹೊಳೆಯಿತು. ಮಾಡ್ತಾಳೆ, ಇವತ್ತು ಬೆಳಿಗ್ಗೆ ನನಗೆ ಜಡೆ ಹಾಕಿದ್ದಾಳೆ ನೋಡಿ ಎಂದು ಬೆನ್ನು ತಿರುಗಿಸಿ ನಿಂತಳು. ಬಿಗಿಯಾದ, ಒಂದು ಕೂದಲೂ ಎದ್ದಿರದ ಜಡೆ. ಜಡೆ ಹಾಕೋ ಕೈಗೆ ಹೊಲಿಯೋಕಾಗಲ್ವಾ, ಸಾಕು ಸುಳ್ಳು ಎಂದ ಯಜಮಾನ. ಬೆನ್ನು ತಿರುಗಿಸಿದ್ದರಿಂದ ಅಮ್ಮನ ಮುಖ ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ಬಾಚಣಿಗೆಯನ್ನು ಇವಳ ಕೈಗೆ ಕೊಟ್ಟು, ಇನ್ನು ನೀನೇ ಹಾಕ್ಕೋ ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ಕೋಪವಿದ್ದಿದ್ದರೆ ಇಷ್ಟು ವರ್ಷ ಇದನ್ನು ಹೊರಬೇಕಾಗಿರಲಿಲ್ಲ.

ಅಷ್ಟರಲ್ಲಿ ಕೋಣೆ ತುಂಬಿತ್ತು. ಡಾಕ್ಟರ್ ಫೋನು ಮಾಡಿ ಕರೆಸಿದ್ದಳೆಂದು ಕಾಣುತ್ತದೆ, ಕಲಿಯುವವರು ಏಳೆಂಟು ಮಂದಿ, ಬಿಳಿ ಅಂಗಿಯವರು, ಮೇಜಿನ ಸುತ್ತ ನಿಂತಿದ್ದರು. ಎತ್ತಿ ಅಜ್ಜಿ. ಇಳಿಸಿ. ಈಗ ನಾನು ಒತ್ತಿ ಹಿಡೀತೀನಿ, ಎದುರು ಎತ್ತಿ. ಒಬ್ಬೊಬ್ಬರೂ ಒತ್ತಿ ನೋಡಿದರು. ಒಬ್ಬ ಫೋಟೋ ಹಿಡಿದ. ಮುಖ ಬರಲ್ಲ, ಕೈ ಮಾತ್ರ ಎಂದು ಸಮಾಧಾನ ಹೇಳಿದ, ಮುಖ ಬರುವುದೇ ಅವಮಾನ ಎಂಬಂತೆ. ಎಷ್ಟು ಚೆನ್ನಾಗಿದೆ ಎಂದಳು ಒಬ್ಬಳು. ಬೆರಳು ಕೊಟ್ಟರೆ ಹಸ್ತ ನುಂಗುವುದು ಎಂದರೆ ಇದೇ ಇರಬೇಕು ಎಂದುಕೊಂಡು ಇವಳು ಎತ್ತಿದಳು, ಇಳಿಸಿದಳು. ಇಷ್ಟೇ ಆಗಿತ್ತಲ್ಲ ಮಾಡಬೇಕಾದದ್ದು. ಒಂದು ಬೆರಳು ಎತ್ತಿಸುವುದು. ಮನೆಯಲ್ಲಿ ಯಾರಿಗಾದರೂ ಇದೆಯೇ, ಇತ್ತೇ ಎಂದು ಡಾಕ್ಟರ್ ಕೇಳಿದಳು. ಅಮ್ಮನಿಗಿತ್ತು, ಕೊಯ್ದರು, ಆಮೇಲೆ ಈ ಬೆರಳು ಏಳಲಿಲ್ಲ ಎಂದಳು. ಕಲಿಯುವವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಗೆಲ್ಲ ಇಂಥ ಮೆಷೀನ್ ಇರಲಿಲ್ಲ ಅಜ್ಜಿ, ಯಾರಿಗೂ ಗೊತ್ತಾಗ್ತಿರಲಿಲ್ಲ ಎಂದಳು ಡಾಕ್ಟರ್, ಮೆತ್ತಗೆ.

“ಮೆಷೀನ್ ಇರಲಿಲ್ಲ, ಸರಿ,” ಎಂದಳು ಇವಳು. “ಒಂದು ಬೆರಳೆತ್ತಮ್ಮಾ ಅಂತ ಕೇಳೋಕೆ ಬಾಯೂ ಇರಲಿಲ್ವಾ?”

ಫೋಟೋ ಹಿಡಿದವನು ಫೋನನ್ನು ಜೇಬಿಗೆ ಹಾಕಿಕೊಂಡ. ಡಾಕ್ಟರ್ ಅವರನ್ನೆಲ್ಲ ಕಳಿಸಿ, ಇವಳ ಕೈಯನ್ನು ತಾನೇ ಒರೆಸಿದಳು, ಬೆರಳ ಸಂದಿಗಳನ್ನೂ ಬಿಡದೆ. ವರದಿಯಲ್ಲಿ ನಮ್ಮಮ್ಮನದೂ ಬರಿ ಎಂದಳು ಇವಳು. ಬರೀತೀನಿ, ತಾಯಿಗೂ ಇತ್ತು, ತೆಗೆದಿದ್ದರು ಅಂತ ಎಂದು ಡಾಕ್ಟರ್ ಟೈಪು ಮಾಡಿದಳು.

“ಅವಳು ಸುಳ್ಳು ಹೇಳಿರಲಿಲ್ಲ ಅಂತಾನೂ ಬರಿ.”

ಡಾಕ್ಟರ್ ವರದಿಯ ಒಂದೊಂದು ಖಾನೆಯನ್ನೂ ಪರದೆಯ ಮೇಲೆ ಸರಿಸಿ ನೋಡಿದಳು. “ಅದನ್ನ ಬರೆಯೋ ಜಾಗ ಇದರಲ್ಲಿ ಇಲ್ಲ ಅಜ್ಜಿ,” ಎಂದಳು.

ಸಂಜೆ ಐದಕ್ಕೆ, ಇವಳನ್ನು ಸೇರಿಸಿಕೊಂಡಿದ್ದ ವಾರ್ಡಿಗೆ ಕೊಯ್ಯುವ ಡಾಕ್ಟರು ಬಂದರು. ಮಂಚದ ಕಾಲಿಗೆ ತಗುಲಿಸಿದ, ಬೆಳಗಿನ ವರದಿಯಿದ್ದ ಲಕೋಟೆಯನ್ನು ಮುಟ್ಟಲಿಲ್ಲ. ಇವಳ ಎಡಗೈಯನ್ನು ಎತ್ತಿ, ಜೇಬಿನಿಂದ ನೇರಳೆ ಬಣ್ಣದ ಪೆನ್ನು ತೆಗೆದು ಉಬ್ಬಿನ ಸುತ್ತ ಒಂದು ದುಂಡನೆಯ ಗೆರೆ ಎಳೆದರು. ನಾಳೆ ಬೇರೆ ಕೈ ಕೊಯ್ಯಬಾರದಲ್ಲ, ಅದಕ್ಕೆ ಗುರುತು ಎಂದು ನರ್ಸಿಗೆ ಹೇಳಿ ನಕ್ಕರು. ಲಕೋಟೆ ನೋಡಿ ಎಂದಳು ಇವಳು. ನಾಳೆ ನೋಡೋಣ ಎಂದು ಮುಂದಿನ ಮಂಚಕ್ಕೆ ಹೋದರು. ಇವಳು ಗೆರೆಯನ್ನೇ ನೋಡಿದಳು. ಪುಸ್ತಕದಲ್ಲಿ ತಪ್ಪು ಅಚ್ಚಾದ ಹಾಳೆಗೆ ಮೇಸ್ತ್ರಿ ಹೀಗೆಯೇ ಸುತ್ತು ಹಾಕುತ್ತಾನೆ, ಹರಿದು ತೆಗೆಯಲು. ಮಗಳು ಅದನ್ನು ಕಂಡು, ತೆಗೆಸಿಬಿಡು ಹೋಗ್ಲಿ, ನಿನಗೆ ಚೌಕಟ್ಟಾದ್ರೂ ಸಿಗುತ್ತೆ ಎಂದಳು. ಚೌಕಟ್ಟು ಸಿಗುತ್ತೆ, ಬೆರಳು ಸಿಗಲ್ಲ ಎಂದು ಇವಳು ಬೆಳಗಿನದನ್ನೆಲ್ಲ ಹೇಳಿದಳು, ಹೇಳುತ್ತ ಹೇಳುತ್ತ ಜಡೆಯ ಮಾತಿಗೆ ಬಂದಳು. ಅದನ್ನು ಈ ತನಕ ಗಂಡನಿಗೂ ಹೇಳಿರಲಿಲ್ಲ, ಅವರು ಅದನ್ನು ಕೇಳದೆಯೇ ತೀರಿಹೋದರು. ನೀನು ಮಗು ಕಣಮ್ಮಾ ಆಗ, ನಿನಗೇನು ಗೊತ್ತು ಎಂದಳು ಮಗಳು. ಗೊತ್ತಿರಲಿಲ್ಲ, ನಿಜ. ಕಂಪೌಂಡರನಿಗೂ ಗೊತ್ತಿರಲಿಲ್ಲ, ಕೊಯ್ದವನಿಗೂ ಗೊತ್ತಿರಲಿಲ್ಲ, ಯಜಮಾನನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರೆಲ್ಲ ಸೇರಿ, ಗೊತ್ತಿದ್ದ ಒಬ್ಬಳನ್ನು ಸುಳ್ಳಿಯೆಂದರು. ಆ ಸಾಲಿನಲ್ಲಿ ತಾನೂ ಒಬ್ಬಳು, ಎಲ್ಲಕ್ಕಿಂತ ಗಿಡ್ಡವಳು, ಬೆನ್ನು ತಿರುಗಿಸಿಕೊಂಡು ನಿಂತವಳು.

ಶುಕ್ರವಾರ ಬೆಳಿಗ್ಗೆ ಹಸಿರು ಅಂಗಿ ತೊಡಿಸಲು ಬಂದ ನರ್ಸಿಗೆ ಇವಳು, ಬೇಡ, ಅವರನ್ನೇ ಕರಿ ಎಂದಳು. ಅರ್ಧ ಗಂಟೆಯ ಮೇಲೆ ಕೊಯ್ಯುವ ಡಾಕ್ಟರು ಬಂದರು, ನಿಂತೇ ವರದಿ ಓದಿದರು, ಹುಬ್ಬು ಏರಿಸಿದರು. ಸ್ನಾಯು ಇದೆ ಅಂತ ಇದೆ, ಇರಬಹುದು, ನೋವಂತೂ ಇದೆಯಲ್ಲ, ತೆಗೆದರೆ ನೋವು ಹೋಗುತ್ತದೆ, ಹೆಸರು ಪಟ್ಟಿಯಲ್ಲಿದೆ, ಎಲ್ಲ ತಯಾರಾಗಿದೆ ಎಂದರು. ಕೊನೆಗೆ ಮೊದಲ ಸಲ ಇವಳ ಮುಖ ನೋಡಿ ಹೇಳಿದರು. “ಈ ವಯಸ್ಸಲ್ಲಿ ಒಂದು ಬೆರಳು ಒಂದನ್ನೇ ಎತ್ತಿ ಆಗಬೇಕಾದ್ದು ಏನಿದೆ ನಿಮಗೆ?”

ಪಕ್ಕದ ಮಂಚಗಳವರು ಕೇಳುತ್ತಿದ್ದರು. ಅಮ್ಮನ ಕೈ ನೋಡಿದವರೂ ಹೀಗೆಯೇ ಸುತ್ತ ನಿಂತಿದ್ದರು. ಇವಳಿಗೆ ದನಿಯೇರಿಸಿ ಗೊತ್ತಿಲ್ಲ, ಏರಿಸಲೂ ಇಲ್ಲ. “ನಿಮ್ಮ ಎಡಗೈ ಮುಷ್ಟಿ ಮಾಡಿ ಡಾಕ್ಟ್ರೇ. ತೋರುಬೆರಳು ಒಂದೇ ಎತ್ತಿ.” ಯಾಕೆ ಎನ್ನುತ್ತಲೇ ಅವರು ಮುಷ್ಟಿ ಮಾಡಿ ಬೆರಳೆತ್ತಿದರು. ಎತ್ತಿದ ಬೆರಳನ್ನು ತಾವೇ ನೋಡಿಕೊಂಡರು.

“ಅದನ್ನ ನೀವು ಇವತ್ತು ಕೊಯ್ಯೋಕೆ ಕೊಡ್ತೀರಾ?”

ಕೊನೆಯ ಮಂಚದ ಹೆಂಗಸು ಫಕ್ಕನೆ ನಕ್ಕು ಹೊದಿಕೆಯಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಬೆರಳು ಮಡಿಸಿದರು. ಆಯ್ತು, ನಿಮ್ಮಿಷ್ಟ, ಸಹಿ ಹಾಕಿ ಹೋಗಿ ಎಂದು, ನರ್ಸಿಗೆ ಕಣ್ಣಿನಲ್ಲೇ ಸನ್ನೆ ಮಾಡಿ ನಡೆದರು. ನರ್ಸು ತಂದ ಕಾಗದದಲ್ಲಿ, ವೈದ್ಯರ ಸಲಹೆಗೆ ವಿರುದ್ಧವಾಗಿ ತಾನಾಗಿಯೇ ಬಿಟ್ಟು ಹೋಗುತ್ತಿರುವುದಾಗಿ ಅಚ್ಚಾಗಿತ್ತು. ಇವಳು ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದಳು. ತಾನಾಗಿಯೇ ಬಿಟ್ಟಳು ಎಂಬ ಮಾತನ್ನು ಹಿಂದೊಮ್ಮೆ ಓದಿದ್ದಳು, ಹದಿನೆಂಟನೆಯ ವಯಸ್ಸಿನಲ್ಲಿ ತಾನು ಕಾರ್ಖಾನೆಗೆ ಸೇರಿದ ದಿನ. ಹೆಸರು ಬರೆಸಲು ನಿಂತಾಗ, ಬೆನ್ನು ಕಿತ್ತು ಹೊಸದಾಗಿ ಹೊಲಿಯಲು ಮೇಜಿನ ಮೇಲಿಟ್ಟಿದ್ದ ಹಳೆಯ ಹಾಜರಿ ರಿಜಿಸ್ಟರಿನಲ್ಲಿ, ಅಮ್ಮನ ಹೆಸರಿನ ಮುಂದೆ. ಆ ರಿಜಿಸ್ಟರನ್ನು ತಾನೇ ಹೊಲಿದಳು. ಅದೇ ಅವಳ ಮೊದಲ ಹೊಲಿಗೆ, ಇವತ್ತಿಗೂ ಬಿಚ್ಚಿಕೊಂಡಿಲ್ಲ.

ಕೆಳಗೆ ಮುಖ್ಯ ಬಾಗಿಲಲ್ಲಿ ಬಿಸಿಲಿತ್ತು. ಮಗಳು ಚೀಲ ಹಿಡಿದು ಮುಂದೆ ಹೋಗಿ ಆಟೋ ಹುಡುಕುತ್ತಿದ್ದಳು. ಇವಳು ಎಡಗೈಯನ್ನು ಮುಚ್ಚಿಕೊಳ್ಳದೆ, ನೇರಳೆ ಸುತ್ತು ಎಲ್ಲರಿಗೂ ಕಾಣುವಂತೆ, ಸುಮ್ಮನೆ ಇಳಿಬಿಟ್ಟುಕೊಂಡು ಮೆಟ್ಟಿಲಿಳಿದಳು. ಕಾರ್ಖಾನೆಯಲ್ಲಿ ಚೌಕಟ್ಟು ಕೊಡುತ್ತಾರೋ ಇಲ್ಲವೋ, ಅದು ಸೋಮವಾರದ ಮಾತು. ಅಮ್ಮ ತಾನಾಗಿ ಬಿಟ್ಟು ಹೋಗಿರಲಿಲ್ಲ. ಒಂದು ಬುಧವಾರ, ಜಡೆ ತೋರಿಸಿದ ಮೂರನೆಯ ದಿನ, ಅವಳನ್ನು ಕಳಿಸಿದರು. ತಾನಾಗಿಯೇ ಬಿಟ್ಟು ಹೋದವಳು ಇವಳು, ಚಳಿ ಹಿಂದೆಗೆಯುವ ಕಾಲದಲ್ಲಿ, ಶುಕ್ರವಾರ, ಹನ್ನೊಂದು ಹೊಡೆಯುವ ಮೊದಲು.